ಟೀಚರಮ್ಮ ಕೊಟ್ಟ ಮಾತ್ರೆ

ಹೋದ ತಿಂಗಳು ಪೆನ್ಷನ್ನಿನ ಲೈಫ್ ಸರ್ಟಿಫಿಕೇಟಿಗಾಗಿ ಮಾದಾಪುರಕ್ಕೆ ಹೋಗಿದ್ದೆ. ಇನ್ನೂ ಬದುಕಿದ್ದೇನೆ ಎಂದು ಬೆರಳೊತ್ತಿ ಸಾಬೀತು ಮಾಡಬೇಕು. ಎಪ್ಪತ್ತು ದಾಟಿದ ಬೆರಳಿನ ಗೆರೆಗಳನ್ನು ಆ ಮಷೀನು ಸುಲಭಕ್ಕೆ ಒಪ್ಪುವುದಿಲ್ಲ. ನಾಲ್ಕನೆಯ ಸಲ ಒಪ್ಪಿತು. ವಾಪಸು ಬರುವಾಗ ಆಟೋ ಒಂದು ಎಸ್ಟೇಟಿನ ಪಲ್ಪರ್ ಹೌಸಿನ ಪಕ್ಕದಲ್ಲೇ ಬಂತು. ಅಲ್ಲಿ ಸುಲಿದ ಕಾಫಿ ಹಣ್ಣಿನ ಸಿಪ್ಪೆ ಗುಡ್ಡೆ ಬಿದ್ದಿತ್ತು. ಹುಳಿ, ಸಿಹಿ, ಕೊಳೆ, ಎಲ್ಲ ಒಟ್ಟಿಗೆ ಮೂಗಿಗೆ ಹೊಡೆಯುವ ಆ ವಾಸನೆ. ಡ್ರೈವರ್ ಟವೆಲಿನಿಂದ ಮೂಗು ಮುಚ್ಚಿಕೊಂಡು, "ಎಂತ ನಾತ ಮಾರಾಯ್ರೆ ಇದು, ದಿನಾ ಹೀಗೇ" ಎಂದ. ನಾನು ಸೆರಗು ಮೂಗಿಗೆ ತರಲಿಲ್ಲ. ಅದು ನಾತವಲ್ಲ, ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಊಟ ಮಾಡುವಾಗ ಬಿಡುವ ಉಸಿರು ಎಂದು ಒಂದು ಹುಡುಗಿ ನನಗೆ ಹೇಳಿಕೊಟ್ಟಿದ್ದಳು. ಕೊರೋನಾದ ಗಲಾಟೆಯೆಲ್ಲ ಮುಗಿದ ಮೇಲಿನ ಒಂದು ಕಾಫಿ ಪಿಕಿಂಗ್ ಸೀಸನ್ನಿನಲ್ಲಿ. ನನ್ನ ತಂಗಿ ಲೀಲಾಳ ಕೊನೆಯ ಸೀಸನ್ ಅದು.

ನಾವಿಬ್ಬರೂ ಮಡಿಕೇರಿಯ ಕಾನ್ವೆಂಟಿನ ಪ್ರಾಡಕ್ಟ್. ನಾನು ವಿಮಲಾ, ಮಾದಾಪುರದಲ್ಲಿ ಮೂವತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ. ನನಗಿಂತ ಐದು ವರ್ಷ ಚಿಕ್ಕವಳಾದ ಲೀಲಾ ಪೋಸ್ಟ್ ಆಫೀಸಿನಲ್ಲಿದ್ದಳು. ಅವಳ ಗಂಡ ಬೇಗ ಹೋದರು. ನಾನು ಮದುವೆಯ ಗೋಜಿಗೇ ಹೋಗಲಿಲ್ಲ. ಅಪ್ಪ ಸರ್ಕಾರಿ ಆಸ್ಪತ್ರೆಯ ಕಂಪೌಂಡರ್ ಆಗಿದ್ದವರು, ರಿಟೈರ್ ಆದ ಮೇಲೆ ಮಾದಾಪುರದ ಈಚೆಗೆ ನಾಲ್ಕು ಎಕರೆ ತೋಟ ತೆಗೆದುಕೊಂಡು ಮನೆ ಕಟ್ಟಿಸಿದ್ದರು. ಅಲ್ಲಿಯೇ ನಾವಿಬ್ಬರೂ ಇದ್ದೆವು. ನಮ್ಮ ಬೇಲಿಯ ಆಚೆ ದೊಡ್ಡ ಎಸ್ಟೇಟ್. ಅದರ ಲೈನ್ಸ್, ಅಂದರೆ ಕೆಲಸದವರ ಸಾಲು ಮನೆಗಳು, ನಮ್ಮ ಹಿತ್ತಿಲಿನಿಂದ ಕೂಗಿದರೆ ಕೇಳುವಷ್ಟು ಹತ್ತಿರ.

ಲೈನಿನವರಿಗೆ ಜ್ವರ, ಕೆಮ್ಮು, ಗಾಯ ಏನಾದರೂ ಆದರೆ ನಮ್ಮ ಹಿಂದಿನ ಜಗಲಿಗೆ ಬರುತ್ತಿದ್ದರು. ಕೊಡಗಿನ ತೋಟದ ಮನೆಗಳಲ್ಲಿ ಇದು ಮೊದಲಿನಿಂದ ಇದ್ದದ್ದೇ. ಆಸ್ಪತ್ರೆ ದೂರ, ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತು. ಬಂಗಲೆಯ ಅಮ್ಮ ಮಾತ್ರೆ ಕೊಡುತ್ತಾಳೆ, ಇವರು ನುಂಗುತ್ತಾರೆ. ಮೊದಲು ಅಪ್ಪ ಕೊಡುತ್ತಿದ್ದರು, ಆಮೇಲೆ ಅಮ್ಮ, ಅಮ್ಮನ ನಂತರ ನಾನು. ಒಂದು ದೊಡ್ಡ ಬಿಸ್ಕತ್ತಿನ ಡಬ್ಬದ ತುಂಬ ಸ್ಟ್ರಿಪ್ಪುಗಳಿದ್ದವು. ಯಾವುದಕ್ಕೆ ಯಾವುದು, ಎಷ್ಟು ದಿನ, ಊಟಕ್ಕೆ ಮೊದಲೋ ಆಮೇಲೋ, ಎಲ್ಲ ನನಗೆ ಬಾಯಿಪಾಠ. ಮೆಡಿಕಲ್ ಶಾಪಿನವನು ನನ್ನ ಹಳೆಯ ಸ್ಟೂಡೆಂಟ್, ಚೀಟಿ ಕೇಳುತ್ತಿರಲಿಲ್ಲ. ಒಮ್ಮೆ ನ್ಯುಮೋನಿಯಾ ಹಿಡಿದ ಒಂದು ಕೂಸು ನನ್ನ ಮಾತ್ರೆಯಿಂದಲೇ ಉಳಿಯಿತು ಎಂದು ಎಲ್ಲರೂ ಹೇಳುತ್ತಿದ್ದರು. ಇದ್ದರೂ ಇರಬಹುದು. ಅದನ್ನೂ ಹೇಳಬೇಕಲ್ಲ.

ಡಿಸೆಂಬರಿನ ಒಂದು ಭಾನುವಾರ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದ. ಸಹನಾ ಅಂತ, ಹಾಸನದ ಕಡೆಯವಳು, ಪಿಎಚ್‌ಡಿ ಮಾಡುತ್ತಿದ್ದಳು. ಮನುಷ್ಯರ ಕರುಳಿನಲ್ಲಿ ಬದುಕುವ ಸೂಕ್ಷ್ಮಜೀವಿಗಳೇ ಅವಳ ರಿಸರ್ಚ್. ಪೇಟೆಯ ಊಟ, ಪೇಟೆಯ ಔಷಧ ಕಾಣದೆ ಕಾಡಂಚಿನ ಸೊಪ್ಪು, ಬಿದಿರಿನ ಕಣಿಲೆ, ಏಡಿ, ಅಣಬೆ ತಿಂದು ಬೆಳೆದವರ ಹೊಟ್ಟೆಯಲ್ಲಿ ಏನೇನಿದೆ ಎಂದು ನೋಡಬೇಕಿತ್ತಂತೆ. "ನಮ್ಮ ಹೆಂಗಸರು ನನ್ನ ಹತ್ರ ಈ ವಿಷಯ ಮಾತಾಡಲ್ಲ ಟೀಚರಮ್ಮ. ನಾಚ್ಕೋತವೆ. ನೀವೇ ಹೇಳಿ" ಎಂದು ರೈಟರ್ ಜಾರಿಕೊಂಡ.

ಲೈನಿನ ಅಂಗಳದಲ್ಲಿ ಹೆಂಗಸರು ಸೇರಿದರು. ಸಹನಾ ಒಬ್ಬೊಬ್ಬರಿಗೂ ಪುಟ್ಟ ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಬೊಳ್ಳಿ ಎಂಬುವಳು ಮುಚ್ಚಳ ತಿರುಗಿಸಿ ಒಳಗೆ ಇಣುಕಿದಳು. ಕಾಡಂಚಿನ ಹಾಡಿಯಲ್ಲಿ ಹುಟ್ಟಿ ಮದುವೆಯಾಗಿ ಲೈನಿಗೆ ಬಂದವಳು, ಮೂವತ್ತೈದು ಇರಬಹುದು, ನಮ್ಮ ಮನೆಗೂ ದಿನಾ ಪಾತ್ರೆ ತೊಳೆಯಲು ಬರುತ್ತಿದ್ದಳು.

"ಇದ್ರಲ್ಲಿ ಎಂತ ಹಾಕಿ ಕೊಡದು ಟೀಚರಮ್ಮ?"

ಕಾನ್ವೆಂಟಿನಲ್ಲಿ ಸಿಸ್ಟರ್ಸ್ ನಮಗೆ ಆ ಶಬ್ದ ಕಲಿಸಿರಲಿಲ್ಲ. ನಂಬರ್ ಟೂ ಎಂದು ಎರಡು ಬೆರಳೆತ್ತುತ್ತಿದ್ದೆವು, ಅಷ್ಟೇ. ಅಭ್ಯಾಸ ಬಲದಿಂದ ಈಗಲೂ ಎರಡು ಬೆರಳೆತ್ತಿದೆ.

"ಎರಡು ಡಬ್ಬಿ ಬೇಕಾ?" ಎಂದಳು ಬೊಳ್ಳಿ.

ಕೊನೆಗೆ ಸಹನಾಳೇ ಬಾಯಿಬಿಟ್ಟು ಹೇಳಿದಳು. ಇಡೀ ಲೈನು ಬಿದ್ದು ಬಿದ್ದು ನಕ್ಕಿತು. "ಗೊಬ್ಬರಕ್ಕಾದ್ರೆ ಇಷ್ಟು ಸಣ್ಣ ಡಬ್ಬಿ ಸಾಲದಮ್ಮ, ನನ್ನ ಗಂಡಂದು ಬಕೆಟ್ಟೇ ಬೇಕು" ಎಂದಳು ಒಬ್ಬಳು. "ಓದಿ ಓದಿ ಕೊನೆಗೆ ಇದಕ್ಕೆ ಬಂತಾ ಪಾಪ ಈ ಕೂಸು" ಎಂದು ಒಬ್ಬ ಮುದುಕಿ ಸಹನಾಳ ಕೆನ್ನೆ ಸವರಿದಳು.

ಆಮೇಲೆ ಪ್ರಶ್ನೆಗಳು. ಫಾರ್ಮು ಇಂಗ್ಲಿಷಿನಲ್ಲಿತ್ತು, ನಾನು ಕನ್ನಡ ಮಾಡಿ ಕೇಳಿದೆ. ಆರು ತಿಂಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡಿದ್ದಾರೆಯೇ ಎಂದು ಒಂದು ಕಾಲಮ್ ಇತ್ತು. "ಆಸ್ಪತ್ರೆಗೆ ಹೋಗಿ ಇಂಜೆಕ್ಷನ್, ಪವರಿನ ಮಾತ್ರೆ ಏನಾದರೂ ತಗೊಂಡಿದ್ರಾ?" ಎಂದು ಕೇಳುತ್ತಾ ಹೋದೆ. ಆಸ್ಪತ್ರೆಗೆ ಯಾರು ಹೋಗಿದ್ದರು? ಎಲ್ಲರೂ ಇಲ್ಲ ಎಂದರು. ನೋ, ನೋ, ನೋ ಎಂದು ನಾನೇ ಬರೆಸಿದೆ. ನನ್ನ ಇಂಗ್ಲಿಷ್ ಉಪಯೋಗಕ್ಕೆ ಬಂತಲ್ಲ ಎಂದು ಒಳಗೊಳಗೇ ಬಹಳ ಪ್ಲೀಸ್ಡ್ ಆಗಿದ್ದೆ.

ಅಷ್ಟು ಹೊತ್ತಿಗೆ ಲೀಲಾ ಮಲಗಿ ಎರಡು ತಿಂಗಳು ಕಳೆದಿತ್ತು. ಮಳೆಗಾಲದ ಕೊನೆಗೆ ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿದ್ದಳು. ಹತ್ತು ದಿನ ಇಂಜೆಕ್ಷನ್ ಕೊಟ್ಟು ಕಫ ಕರಗಿಸಿ ಕಳಿಸಿದರು. ಮನೆಗೆ ಬಂದ ವಾರಕ್ಕೆ ಭೇದಿ ಶುರುವಾಯಿತು. ದಿನಕ್ಕೆ ಎಂಟು ಸಲ, ಹತ್ತು ಸಲ. ಮೈಸೂರಿನ ಡಾಕ್ಟರು ಟೆಸ್ಟ್ ಮಾಡಿಸಿ ಸಿ-ಡಿಫ್ ಎಂಬ ಬ್ಯಾಕ್ಟೀರಿಯಾದ ಕಾಟ ಎಂದರು. ಅದಕ್ಕೊಂದು ಮಾತ್ರೆ ಕೊಟ್ಟರು, ನಿಂತಿತು. ಮಾತ್ರೆ ಮುಗಿದ ಹದಿನೈದು ದಿನಕ್ಕೆ ಮತ್ತೆ ಬಂತು. ಮತ್ತೆ ಮಾತ್ರೆ, ಮತ್ತೆ ನಿಂತಿತು, ಮತ್ತೆ ಬಂತು. ದುಂಡಗಿದ್ದ ಹೆಂಗಸು, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಆದರೂ ಬಾತ್‌ರೂಮಿನಿಂದ ಗೋಡೆ ಹಿಡಿದು ಬರುತ್ತಾ, "ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಇಷ್ಟು ಸ್ಪೀಡ್ ಪೋಸ್ಟ್ ಯಾವತ್ತೂ ಇರಲಿಲ್ಲ ವಿಮಲಕ್ಕ" ಎನ್ನುತ್ತಿದ್ದಳು.

ಸಹನಾ ಸ್ಯಾಂಪಲ್ಲುಗಳಿಗೆ ಐಸ್ ತುಂಬಿಸಿಕೊಳ್ಳಲು ನಮ್ಮ ಮನೆಯ ಫ್ರಿಡ್ಜಿಗೇ ಬರುತ್ತಿದ್ದಳು. ಹಾಗೆ ಬಂದವಳು ಲೀಲಾಳ ಮಂಚದ ಪಕ್ಕ ಕುಳಿತು ಅರ್ಥವಾಗುವ ಹಾಗೆ ಹೇಳಿದಳು. "ಕರುಳು ಅಂದ್ರೆ ನಿಮ್ಮ ತೋಟ ಇದ್ದ ಹಾಗೆ ಆಂಟಿ. ಕಾಫಿ ಇದೆ, ನೆರಳಿನ ಮರ ಇದೆ, ಕೆಳಗೆ ನೂರಾರು ಥರದ ಗಿಡ. ಒಂದಕ್ಕೊಂದು ಜಾಗ ಬಿಟ್ಟುಕೊಡಲ್ಲ, ಅದಕ್ಕೇ ಹೊರಗಿನ ಕಳೆ ಒಳಗೆ ಬರಲ್ಲ. ಕಫಕ್ಕೆ ಕೊಟ್ಟ ಔಷಧ ಇಡೀ ತೋಟಕ್ಕೆ ಕಳೆನಾಶಕ ಹೊಡೆದ ಹಾಗಾಯ್ತು. ಬೋಳಾದ ಜಾಗದಲ್ಲಿ ಮೊದಲು ಎದ್ದದ್ದು ಈ ಕಳೆ. ಈ ಕಳೆ ಸಾಯಿಸೋಕೆ ಮತ್ತೆ ಕಳೆನಾಶಕಾನೇ ಹೊಡೀತಿದ್ದಾರೆ."

"ಹಾಗಾದರೆ ಮತ್ತೆ ಗಿಡ ನೆಡಬೇಕು" ಎಂದಳು ಲೀಲಾ.

"ಹ್ಞೂ ಆಂಟಿ. ಹಾಗೇ."

ಜನವರಿಯಲ್ಲಿ ಮೈಸೂರಿನ ಡಾಕ್ಟರೂ ಅದನ್ನೇ ಹೇಳಿದರು. ಆರೋಗ್ಯವಂತರ ಮಲವನ್ನು ಕಲಸಿ ಸೋಸಿ ಟ್ಯೂಬಿನ ಮೂಲಕ ರೋಗಿಯ ಕರುಳಿಗೆ ಬಿಡುವುದು. ಇಷ್ಟು ಸಲ ಮರುಕಳಿಸಿದವರಿಗೆ ಅದೇ ಒಳ್ಳೆಯ ದಾರಿ, ಆದರೆ ಕೊಡುವವರನ್ನು ನೀವೇ ಕರೆತರಬೇಕು ಎಂದರು. ಕೊಡುವವರು ಅರವತ್ತರ ಒಳಗಿರಬೇಕು, ಸಕ್ಕರೆ ಕಾಯಿಲೆ ಇರಬಾರದು, ಮೂರು ತಿಂಗಳಿನಿಂದ ಆಂಟಿಬಯಾಟಿಕ್ ಮುಟ್ಟಿರಬಾರದು. ನನಗೆ ವಯಸ್ಸೂ ಆಗಿದೆ, ಸಕ್ಕರೆಯೂ ಇದೆ. ಗಾಳಿಬೀಡಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ಅವನು, "ವಿಮಲಕ್ಕ, ನಾನು ದೇವಸ್ಥಾನದ ಒಳಗೆ ಹೋಗಿ ಪೂಜೆ ಮಾಡುವವನು. ಇದನ್ನೆಲ್ಲ ಕೇಳಬಾರದು ನೀವು" ಎಂದ. ಅವನ ಮಗಳು ಫೋನ್ ತೆಗೆದುಕೊಂಡು ಮಜ್ಜಿಗೆ ಕುಡಿಸಿ ನೋಡಿ ಎಂದಳು.

ಬೊಳ್ಳಿಯನ್ನು ಕೇಳೋಣವೇ ಎಂದು ನಾನು ಲೀಲಾಳಿಗೆ ಹೇಳಿದೆ. ಜ್ವರ, ಕೆಮ್ಮು ಎಂದು ಒಮ್ಮೆಯೂ ನನ್ನ ಜಗಲಿಗೆ ಬಾರದವಳು ಇಡೀ ಲೈನಿನಲ್ಲಿ ಅವಳೊಬ್ಬಳೇ, ಅಷ್ಟು ಗಟ್ಟಿ ಜೀವ. ಲೀಲಾ ನನ್ನ ಮುಖವನ್ನೇ ನೋಡಿದಳು.

"ಹತ್ತು ವರ್ಷದಿಂದ ಅವಳಿಗೆ ಹೊರಗಿನ ಲೋಟದಲ್ಲಿ ಕಾಫಿ ಕೊಡ್ತೀಯ. ಒಳಗೆ ತರಬೇಡ ಅಂತ ನನಗೂ ಬೈದಿದ್ದೀಯ. ಈಗ ಅವಳ ಯಾವುದನ್ನ ನನ್ನೊಳಗೆ ಹಾಕಿಸ್ತಿದ್ದೀಯ, ಯೋಚನೆ ಮಾಡಿದ್ಯಾ?"

"ನಿನಗೆ ಬೇಡವಾ ಹಾಗಾದರೆ?"

"ನನಗೆ ಬೇಕು. ನಿನ್ನ ಕೇಳಿದೆ ಅಷ್ಟೆ."

ಬೊಳ್ಳಿಗೆ ಹೇಳುವಾಗ ನನ್ನ ಕಿವಿಯೆಲ್ಲ ಬಿಸಿಯಾಗಿತ್ತು. ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಲೂ ಇಲ್ಲ. "ಕೊಡದೇ ಎಂತ ಟೀಚರಮ್ಮ. ದಿನಾ ಕಾಡಿಗೆ ಹೋಗಿ ಕೊಡದು, ಒಂದಿನ ಲೀಲಮ್ಮಂಗೆ ಕೊಟ್ರಾಯ್ತು" ಎಂದಳು. ಆಮೇಲೆ ತಿರುಗಿ, "ಅದ್ರಿಂದ ಹುಷಾರಾಗ್ತಾರಾ?" ಎಂದು ಕೇಳಿದಳು. ಆಗ್ತಾರೆ ಎಂದೆ. ಅವಳ ಮುಖದಲ್ಲಿ ಬಂದ ಹಿಗ್ಗನ್ನು ನಾನು ಸ್ಕೂಲಿನಲ್ಲಿ ಪ್ರೈಜ್ ಕೊಡುವ ದಿನ ಮಾತ್ರ ಕಂಡಿದ್ದೆ.

ರಕ್ತ, ಮಲ, ಎಲ್ಲ ಟೆಸ್ಟಿನಲ್ಲೂ ಅವಳು ಪಾಸಾದಳು. ಫೆಬ್ರವರಿ ಮಧ್ಯದಲ್ಲಿ ದಿನ ಗೊತ್ತಾಯಿತು. ಇಡೀ ಲೈನಿಗೆ ಸುದ್ದಿ. ಪಿಕಿಂಗಿನಲ್ಲಿ ಅವಳನ್ನು ರೇಗಿಸುವುದೇ ರೇಗಿಸುವುದು: "ಬೊಳ್ಳಿ, ಇವತ್ತು ಒಳ್ಳೇದು ತಿನ್ನು, ಮೈಸೂರಿಗೆ ಹೋಗೋ ಮಾಲು ಅದು!" ಬೊಳ್ಳಿ ದಿನಾ ನನಗೆ ವರದಿ ಒಪ್ಪಿಸುತ್ತಿದ್ದಳು. ನಿನ್ನೆ ಕೆಸುವಿನ ಸೊಪ್ಪು ತಿಂದೆ, ಸರಿಯಾ? ಏಡಿ ತಿನ್ನಬಹುದಾ? ಲೀಲಾ ಹಾಸಿಗೆಯಿಂದಲೇ, "ತಿನ್ನು ಮಾರಾಯ್ತಿ, ನಾನಂತೂ ತಿನ್ನೋ ಹಾಗಿಲ್ಲ, ನಿನ್ನ ಹೊಟ್ಟೆಯ ದಾರಿಯಿಂದಾದರೂ ಬರಲಿ" ಎನ್ನುತ್ತಿದ್ದಳು. ಹಾಗೆ ಅವರಿಬ್ಬರೂ ನಗುವಾಗ ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ಆ ಮೂರು ವಾರ ನಮ್ಮ ಮನೆಯಲ್ಲಿ ಒಂದು ರೀತಿಯ ಹಬ್ಬವೇ ಇತ್ತು.

ಹೋಗಲು ಹತ್ತು ದಿನ ಇರುವಾಗ ಬೊಳ್ಳಿ ಕೆಮ್ಮುತ್ತಾ ಬಂದಳು. ಹಣೆ ಮುಟ್ಟಿದೆ, ಬಿಸಿ. ಬೆಳಗಿನ ಮಂಜಿನಲ್ಲಿ ಒದ್ದೆ ಗಿಡಗಳ ನಡುವೆ ಹಣ್ಣು ಕೊಯ್ಯುವವರಿಗೆ ಆ ತಿಂಗಳಲ್ಲಿ ಇದು ಮಾಮೂಲಿ. "ಎಂತ ಇಲ್ಲ, ಕರಿಮೆಣಸಿನ ಕಷಾಯ ಕುಡ್ದೆ, ಹೋಗ್ತದೆ" ಎಂದಳು. ನನಗೆ ಹೆದರಿಕೆ. ಇವಳು ಮಲಗಿಬಿಟ್ಟರೆ? ದಿನ ತಪ್ಪಿದರೆ? ಒಳಗೆ ಹೋದೆ, ಡಬ್ಬ ತೆಗೆದೆ, ಕ್ಯಾಪ್ಸೂಲಿನ ಸ್ಟ್ರಿಪ್ಪುಗಳನ್ನು ಅವಳ ಕೈಗೆ ಹಾಕಿದೆ. ದಿನಕ್ಕೆ ಮೂರು, ಐದು ದಿನ. ಅವಳು ಬೇಡವೆಂದಳು. ನಾನು ಗದರಿದೆ. "ಒಂದೂ ಬಿಡಬಾರದು, ಕೋರ್ಸ್ ಮುಗಿಸಲೇಬೇಕು. ಲೀಲಮ್ಮನ ಮೇಲೆ ಆಣೆ."

ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಕಂಪೌಂಡರನ ಮಗಳು ನಾನು. ಆ ಕ್ಯಾಪ್ಸೂಲಿನಲ್ಲಿದ್ದ ಅಮಾಕ್ಸಿಸಿಲಿನ್ ಒಂದು ಆಂಟಿಬಯಾಟಿಕ್ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಿಯೇನು. ಡಾಕ್ಟರು ಹೇಳಿದ್ದೂ ನೆನಪಿತ್ತು. ಆದರೆ ಆಂಟಿಬಯಾಟಿಕ್ ಎಂದರೆ ಲೀಲಾಳಿಗೆ ಆಸ್ಪತ್ರೆಯಲ್ಲಿ ಚುಚ್ಚಿದ್ದು, ಪೇಟೆಯವರು ತಿನ್ನುವುದು. ನಮ್ಮ ಜಗಲಿಯಲ್ಲಿ ಕೊಡುವುದು ಮಾತ್ರೆ. ಎರಡನ್ನೂ ಒಂದೇ ಜಾಗದಲ್ಲಿ ಇಟ್ಟು ನೋಡುವುದು ನನಗೆ ಹೊಳೆಯಲೇ ಇಲ್ಲ. ಇಷ್ಟು ವರ್ಷ ಕೈ ಮಾಡಿದ ಕೆಲಸವನ್ನು ಅವತ್ತೂ ಕೈಯೇ ಮಾಡಿತು.

ಜೀಪಿನಲ್ಲಿ ಹೋದೆವು. ಲೀಲಾ ಹಿಂದಿನ ಸೀಟಿನಲ್ಲಿ ಬೊಳ್ಳಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಬೊಳ್ಳಿ ಮೈಸೂರು ನೋಡುವುದು ಅದೇ ಮೊದಲು, ಹೊಸ ಸೀರೆ ಉಟ್ಟಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು ಕೊನೆಯ ಸಲ ಎಲ್ಲವನ್ನೂ ಕೇಳಿದರು. ಬೊಳ್ಳಿಗೆ ಅರ್ಥವಾಗಲೆಂದು ಕನ್ನಡದಲ್ಲೇ, ನಿಧಾನವಾಗಿ. ಭೇದಿ ಆಗಿದೆಯಾ? ಇಲ್ಲ ಸಾರ್. ಜ್ವರ? ಬಂದಿತ್ತು, ಹೋಯ್ತು. ಏನಾದರೂ ಮಾತ್ರೆ?

"ಟೀಚರಮ್ಮ ಕೊಟ್ಟಿದ್ದು ತಿಂದೆ ಸಾರ್" ಎಂದಳು ಬೊಳ್ಳಿ. ಸೆರಗಿನ ಗಂಟು ಬಿಚ್ಚಿ ಖಾಲಿ ಸ್ಟ್ರಿಪ್ಪುಗಳನ್ನು ತೆಗೆದು ಮೇಜಿನ ಮೇಲೆ ಇಟ್ಟಳು. "ಒಂದೂ ಬಿಟ್ಟಿಲ್ಲ. ನೋಡಿ."

ಡಾಕ್ಟರು ಸ್ಟ್ರಿಪ್ಪನ್ನು ತಿರುಗಿಸಿ ಹಿಂದಿನ ಅಕ್ಷರ ಓದಿದರು. ಕನ್ನಡಕ ತೆಗೆದರು. ನನ್ನ ಕಡೆ ನೋಡಿ, ವೈ, ಮೇಡಮ್? ಎಂದು ಮೆಲ್ಲಗೆ ಕೇಳಿದರು. ಸ್ಕೂಲಿನಲ್ಲಿ ಎಲೊಕ್ಯೂಷನ್ನಿಗೆ ಮೆಡಲ್ ತೆಗೆದುಕೊಂಡವಳು ನಾನು. ಶಿ ಹ್ಯಾಡ್ ಫೀವರ್ ಎಂಬ ಮೂರು ಶಬ್ದಕ್ಕಿಂತ ಹೆಚ್ಚು ಬಾಯಿಗೆ ಬರಲಿಲ್ಲ.

ಇನ್ನು ಮೂರು ತಿಂಗಳು ಇವರಿಂದ ತೆಗೆದುಕೊಳ್ಳುವ ಹಾಗಿಲ್ಲ, ಬೇರೆ ಯಾರಾದರೂ ಸಿಕ್ಕರೆ ತಕ್ಷಣ ಕರೆತನ್ನಿ, ಅಲ್ಲಿಯವರೆಗೆ ಹಳೆಯ ಮಾತ್ರೆಯಲ್ಲೇ ಹಿಡಿದಿಡೋಣ ಎಂದರು. ಹೊರಗೆ ಬೆಂಚಿನ ಮೇಲೆ ಒರಗಿದ್ದ ಲೀಲಾಳಿಗೆ ನಾನೇ ಹೇಳಬೇಕಾಯಿತು. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು.

"ರಿಟರ್ನ್ ಟು ಸೆಂಡರ್" ಎಂದಳು.

ಮರುದಿನ ಸಹನಾ ಬಂದಳು. ಕೊಡುವವರು ಬೇರೆ ಯಾರಾದರೂ ಸಿಗುತ್ತಾರಾ ಎಂದು ಇಬ್ಬರೂ ಫಾರ್ಮುಗಳ ಕಟ್ಟು ಹಿಡಿದು ಲೈನಿಗೆ ಹೋದೆವು. ಈ ಸಲ ನಾನು ಪ್ರಶ್ನೆಯನ್ನು ಬೇರೆ ರೀತಿ ಕೇಳಿದೆ: ಮೂರು ತಿಂಗಳಲ್ಲಿ ನನ್ನ ಹತ್ತಿರ ಮಾತ್ರೆ ತಗೊಂಡಿದ್ರಾ? ಮೊದಲ ಮನೆಯವಳು ನಕ್ಕಳು. "ತಗೊಂಡಿದ್ದೆ ಅಲ್ವಾ ಟೀಚರಮ್ಮ, ಕಾಲು ಕೀವಾದಾಗ. ನೀವೇ ಮರ್ತ್ರಾ?" ಎರಡನೆಯ ಮನೆ: "ನಮ್ಮ ಯಜಮಾನ್ರಿಗೆ ಎರಡು ಸಲ." ಮೂರನೆಯ ಮನೆಯಲ್ಲಿ ತಾಯಿ, ಮಗಳು, ಸೊಸೆ, ಮೂವರೂ. ಯಾರೂ ದೂರಲಿಲ್ಲ. ನಾನು ಎಷ್ಟು ಮಾಡಿದ್ದೇನೆ ಎಂದು ಲೆಕ್ಕ ಕೇಳಲು ಬಂದಿದ್ದೇನೆ, ಹೊಗಳಬೇಕು ಎಂದೇ ತಿಳಿದಿದ್ದರು. "ನಿಮ್ಮ ಮಾತ್ರೆ ಇಲ್ದಿದ್ರೆ ನಾವೆಲ್ಲಿ ಇರ್ತಿದ್ವಿ" ಎಂದು ಕೆನ್ನೆ ಸವರಿದ್ದ ಆ ಮುದುಕಿ ಕೈ ಮುಗಿದಳು. ಕಡೆಯ ಮನೆಯವರೆಗೂ ಹೋದೆವು. ಒಂದು ಹೊಟ್ಟೆಯನ್ನೂ ನಾನು ಬಿಟ್ಟಿರಲಿಲ್ಲ.

ಸಹನಾ ಅಂಗಳದ ಕಲ್ಲಿನ ಮೇಲೆ ಕುಳಿತು, ನಾನು ಬರೆಸಿದ್ದ ಒಂದೊಂದು ನೋ ಎಂಬುದನ್ನೂ ಪೆನ್ನಿನಿಂದ ಹೊಡೆದು ಹಾಕಿದಳು. ಔಷಧ ಕಾಣದ ಹೊಟ್ಟೆಗಳು ಎಂದು ನಂಬಿ ಅವಳು ಒಂದು ಸೀಸನ್ನಿಡೀ ಐಸ್ ಹೊತ್ತಿದ್ದಳು. "ನಾನು ಪ್ರಶ್ನೆ ಸರಿಯಾಗಿ ಬರೆದಿರಲಿಲ್ಲ ಬಿಡಿ ಆಂಟಿ" ಎಂದಳು. ದೊಡ್ಡ ಮನಸ್ಸಿನ ಹುಡುಗಿ. ತಾನೇ ಕೊಡುತ್ತೇನೆ ಎಂದು ಮೈಸೂರಿಗೆ ಹೋಗಿ ಟೆಸ್ಟ್ ಮಾಡಿಸಿಕೊಂಡಳು. ಅವಳ ಕರುಳಿನಲ್ಲಿ ಯಾವ ಔಷಧಕ್ಕೂ ಬಗ್ಗದ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಅವಳಿಗೆ ಅದರಿಂದ ತೊಂದರೆಯಿಲ್ಲ, ಲೀಲಾಳಿಗೆ ಕೊಡುವಂತಿಲ್ಲ. ಎಲ್ಲಿ ಯಾವಾಗ ಸೇರಿಕೊಂಡಿತೋ ಅವಳಿಗೂ ಗೊತ್ತಿಲ್ಲ.

ಮಾರ್ಚಿನಲ್ಲಿ ಹೂಮಳೆ ಬರಲಿಲ್ಲ. ಎಸ್ಟೇಟಿನವರು ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸಿಕೊಂಡರು. ಬೇಲಿಯ ಆಚೆ ಬೆಳ್ಳಗೆ, ಈಚೆ ನಮ್ಮ ಗಿಡಗಳು ಮೊಗ್ಗು ಕಚ್ಚಿಕೊಂಡು ಒಣಗುತ್ತಾ ನಿಂತಿದ್ದವು. ಲೀಲಾಳಿಗೆ ಮಾತ್ರೆ ಹಿಡಿಯುವುದು ನಿಂತುಹೋಗಿತ್ತು. ಮಡಿಕೇರಿಯ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದರು. ಬೊಳ್ಳಿ ದಿನ ಎಣಿಸುತ್ತಿದ್ದಳು, ಇನ್ನು ಐವತ್ತು, ಇನ್ನು ನಲವತ್ತೆಂಟು ಎಂದು. ಲೀಲಾ ನನ್ನನ್ನು ಒಂದು ಸಲವೂ ಬೈಯಲಿಲ್ಲ. ಬೈದಿದ್ದರೆ ನಾನು ಉತ್ತರ ಕೊಡಬಹುದಿತ್ತು. ಒಂದು ಮಧ್ಯಾಹ್ನ ತುಟಿ ಒದ್ದೆ ಮಾಡುವಾಗ, "ನೀನು ಊಟ ಮಾಡಿದ್ಯಾ?" ಎಂದು ಕೇಳಿದಳು. ಮಾಡಿದೆ ಎಂದು ಸುಳ್ಳು ಹೇಳಿದೆ. ಅವಳ ಮೂತ್ರಪಿಂಡ ನಿಂತದ್ದು ಅದೇ ಸಂಜೆ.

ಅವಳು ಹೋದ ಮೇಲೆ ಡಬ್ಬದಲ್ಲಿದ್ದದ್ದನ್ನೆಲ್ಲ ಮೆಡಿಕಲ್ ಶಾಪಿಗೆ ವಾಪಸು ಕೊಟ್ಟೆ. ಜಗಲಿಗೆ ಬಂದವರಿಗೆ ಆಸ್ಪತ್ರೆಗೆ ಹೋಗಿ ಎಂದೆ. ನಾಲ್ಕು ಸಲ ಬಂದರು, ಆಮೇಲೆ ಬರುವುದು ಬಿಟ್ಟರು.

ಜೂನಿನಲ್ಲಿ, ಮಳೆ ಹಿಡಿದ ಮೇಲೆ, ಬೊಳ್ಳಿ ಮಗಳನ್ನು ಎತ್ತಿಕೊಂಡು ಬಂದಳು. ಮಗುವಿಗೆ ಜ್ವರ. ಒಳಗೆ ಕರೆದು ಕೂರಿಸಿದೆ. ಮಾತ್ರೆ ಇಲ್ಲ, ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋಗು, ನಾನೂ ಬರ್ತೇನೆ ಎಂದೆ. ಅವಳು ತಲೆ ತಗ್ಗಿಸಿ ಕುಳಿತೇ ಇದ್ದಳು.

"ನನ್ ಮೇಲೆ ಕೋಪವಾ ಟೀಚರಮ್ಮ?"

"ನಿನ್ನ ಮೇಲೆ ಯಾಕೆ ಕೋಪ?"

"ನಂದು ಚೆನ್ನಾಗಿರ್ಲಿಲ್ಲ. ಅದ್ಕೇ ಡಾಕ್ಟರು ಬೇಡ ಅಂದ್ರು. ನಂದು ಸರಿ ಇದ್ದಿದ್ರೆ ಲೀಲಮ್ಮ ಉಳೀತಿದ್ರು."

ನಾನು ಹೇಳಿದೆ. ತಪ್ಪು ನನ್ನದು, ನಾನು ಕೊಟ್ಟ ಕ್ಯಾಪ್ಸೂಲಿನದು, ನಿನ್ನದು ಎಲ್ಲರಿಗಿಂತ ಚೆನ್ನಾಗಿತ್ತು ಎಂದೆ. ತೋಟ, ಕಳೆ, ಔಷಧ, ಸಹನಾ ಹೇಳಿದ್ದನ್ನೆಲ್ಲ ಹೇಳಿದೆ. ಮೂವತ್ತು ವರ್ಷದ ಟೀಚಿಂಗಿನಲ್ಲಿ ಯಾವ ಪಾಠವನ್ನೂ ಅಷ್ಟು ಕಷ್ಟಪಟ್ಟು ಮಾಡಿರಲಿಲ್ಲ. ಬೊಳ್ಳಿ ಮರ್ಯಾದೆಯಿಂದ ಕೇಳಿದಳು.

"ಇಲ್ಲ ಟೀಚರಮ್ಮ. ನೀವು ಒಳ್ಳೇದಕ್ಕೇ ಕೊಟ್ಟಿದ್ದು" ಎಂದಳು. "ನಿಮ್ಮ ಮಾತ್ರೆಯಿಂದ ಯಾರಿಗೂ ಕೆಟ್ಟದ್ದಾಗಿಲ್ಲ. ನನ್ನ ಹೊಟ್ಟೆಯೇ ಸರಿ ಇರ್ಲಿಲ್ಲ."

ಮಗುವನ್ನು ಹೆಗಲಿಗೆ ಹಾಕಿಕೊಂಡು, ಅದರ ತಲೆಗೆ ಪ್ಲಾಸ್ಟಿಕ್ ಮುಚ್ಚಿ, ಎದ್ದು ಹೊರಟಳು. ನಾನು ಕೊಡೆ ಹುಡುಕಿ ಹಿಂದೆ ಬರುವಷ್ಟರಲ್ಲಿ ಗೇಟು ದಾಟಿದ್ದಳು. ಆಸ್ಪತ್ರೆಗೆ ಹೋಗುವ ಬಸ್ಸು ಕೆಳಗಿನ ರಸ್ತೆಗೆ ಬರುತ್ತದೆ. ಅವಳು ಕೆಳಗೆ ಇಳಿಯಲಿಲ್ಲ. ಮೇಲಿನ ದಾರಿ ಹಿಡಿದು, ಜಾರುವ ಕೆಸರಿನಲ್ಲಿ ಬೇಗ ಬೇಗ ಹತ್ತುತ್ತಿದ್ದಳು. ಗುಡ್ಡದ ಆಚೆಗೆ ಇನ್ನೊಂದು ಎಸ್ಟೇಟಿನ ಬಂಗಲೆಯಿದೆ. ಅಲ್ಲಿನ ಅಮ್ಮ ಬಹಳ ಒಳ್ಳೆಯವರು, ಯಾರು ಹೋದರೂ ಇಲ್ಲ ಎನ್ನುವುದಿಲ್ಲ.